ಕಾಲಿನ ನಿಮಿಷ, ಗೋಡೆಯ ನಿಮಿಷ

ಇಲ್ಲಪ್ಪ, ಸುಳ್ಳಲ್ಲ. ಸೊನ್ನೆಗೆ ಹದಿನಾಲ್ಕು. ಸೋತವರು ನಮ್ಮವರೇ. ಹದಿಮೂರನೆಯ ಗೋಲು ಬಲೆಗೆ ಬಿದ್ದಾಗ ಗೋಲು ಕಾಯುವ ನಮ್ಮ ಗೋಲಿ ಚಪ್ಪಾಳೆ ತಟ್ಟಿದ್ದೂ ನಿಜ. ಅಷ್ಟು ಚೆನ್ನಾಗಿತ್ತಂತೆ ಆ ಹೊಡೆತ. ನೀನು ಹಾಗೆ ಹುಬ್ಬು ಹಾರಿಸಿದರೆ ಅಂಕಿ ಕಡಿಮೆಯಾಗುವುದಿಲ್ಲ. ಸಂಬಳ ತೆಗೆದುಕೊಂಡು ಫುಟ್‌ಬಾಲ್ ಆಡುವ ತಂಡ ಹದಿನಾಲ್ಕು ಗೋಲು ತಿನ್ನುತ್ತದೆಯೇ ಎಂದು ಕೇಳುತ್ತೀಯಲ್ಲ, ಅಲ್ಲೇ ನೀನು ಎಡವಿದ್ದು. ನಾನು ಹೇಳುತ್ತಿರುವುದು ಮೊದಲ ತಂಡದ ಕಥೆಯಲ್ಲ. ಎರಡನೇ ತಂಡದ್ದು.

ಮೊದಲ ತಂಡ ಶನಿವಾರ ಆಡುತ್ತಿತ್ತು, ದೊಡ್ಡ ಮೈದಾನದಲ್ಲಿ, ಕಾಲಿಡಲು ಜಾಗವಿಲ್ಲದಷ್ಟು ಜನರ ಮುಂದೆ. ಎರಡನೇ ತಂಡ ಆಡುತ್ತಿದ್ದುದು ಮಂಗಳವಾರ ಮಧ್ಯಾಹ್ನ, ಮರ ಕೊಯ್ಯುವ ಸಾಮಿಲ್ಲಿನ ಗೋಡೆಗೆ ಅಂಟಿಕೊಂಡ ಹಳೇ ಮೈದಾನದಲ್ಲಿ. ನೋಡಲು ಬರುತ್ತಿದ್ದವರು ಎಷ್ಟು ಜನ ಗೊತ್ತೇ? ಒಮ್ಮೆ ಒಬ್ಬ ಮುದುಕ ಬರಲಿಲ್ಲವೆಂದು ರೆಫ್ರಿ ಆಟ ಶುರುಮಾಡದೆ ಹತ್ತು ನಿಮಿಷ ಕಾದಿದ್ದ. ಹಸು ಒಂದೇ, ಕೆನೆಯೆಲ್ಲ ಮೇಲಿನ ಮನೆಗೆ, ಕೆಳಗಿನ ಮನೆಗೆ ಪಾತ್ರೆ ತೊಳೆದ ನೀರು. ಒಂದು ವರ್ಷ ನಮ್ಮವರು ಸತತ ಒಂಬತ್ತು ಪಂದ್ಯ ಗೆದ್ದರು. ಹತ್ತನೆಯದಕ್ಕೆ ಮುಂಚೆ ಮೇಲಿನವರು ಬಂದು ಆರು ಜನರನ್ನು ಎತ್ತಿಕೊಂಡು ಹೋದರು. ಆ ಹತ್ತನೆಯದೇ ಸೊನ್ನೆಗೆ ಹದಿನಾಲ್ಕು. ಈಗಲಾದರೂ ಹುಬ್ಬು ಇಳಿಸು.

ಅಲ್ಲಿಗೆ ಬರುತ್ತಿದ್ದವರು ಮೂರು ಜಾತಿ. ಮೇಲಕ್ಕೆ ಹೋಗುವ ಹುಡುಗರು, ಪೆಟ್ಟು ತಿಂದು ಕೆಳಕ್ಕಿಳಿದು ಕಾಲು ಪರೀಕ್ಷೆ ಮಾಡಿಕೊಳ್ಳುವ ದೊಡ್ಡವರು, ಎಲ್ಲಿಗೂ ಹೋಗದೆ ಅಲ್ಲೇ ಬೇರು ಬಿಟ್ಟವರು. ಈ ಮೂರನೆಯ ಜಾತಿಗೆ ಸೇರಿದವನು ಹೆಬ್ಬೆಟ್ಟು.

ಅವನು ಆಟಗಾರನಲ್ಲ, ಕಾಲು ತಿಕ್ಕುವವನು. ಇಪ್ಪತ್ತೇಳು ವರ್ಷ ಎರಡನೇ ತಂಡದ ಮೀನಖಂಡ, ತೊಡೆ, ಮಂಡಿಗಳನ್ನು ತಿಕ್ಕಿದ ಮನುಷ್ಯ. ಆಳು ಗಿಡ್ಡ, ಕೂದಲು ನಾಲ್ಕೆಳೆ, ಹೆಬ್ಬೆರಳು ಮಾತ್ರ ಒಂದೊಂದೂ ಬದನೆಕಾಯಿ. ಹೆಸರು ನೋಡಿ ಓದುಬರಹ ಇಲ್ಲದವನು ಅಂದುಕೊಳ್ಳಬೇಡ, ದಿನವೂ ಪತ್ರಿಕೆ ಓದುತ್ತಿದ್ದ. ಅದರಲ್ಲಿ ತನ್ನ ತಂಡದ ಫಲಿತಾಂಶ ಇಲ್ಲವೆಂದು ಬೈಯುವುದಕ್ಕೆ. ಆ ಬೆರಳನ್ನು ಒಬ್ಬನ ಮೀನಖಂಡದ ಮೇಲಿಟ್ಟರೆ ಸಾಕು, ಜಾತಕ ಓದಿದ ಹಾಗೆ ಹೇಳುತ್ತಿದ್ದ.

"ಬೆಳಿಗ್ಗೆ ಬಸ್ಸಿಗೆ ಓಡಿದ್ದೀಯ."

"ಹೌದು ಮಾವ, ಹೇಗೆ ಗೊತ್ತಾಯ್ತು?"

"ಬಸ್ಸು ಸಿಕ್ಕಿಲ್ಲ."

ಅದನ್ನೂ ಹೇಳುತ್ತಿದ್ದ. ನಂಬದಿದ್ದರೆ ಬಿಡು.

ಅವನೂ ಅವನ ಹೆಂಡತಿಯೂ ಇದ್ದದ್ದು ಹಳೇ ಮೈದಾನದ ಮರದ ಮೆಟ್ಟಿಲಿನ ಕೆಳಗೆ, ಕ್ಲಬ್ಬು ಕೊಟ್ಟ ಎರಡು ಕೋಣೆಯಲ್ಲಿ. ಮೇಲೆ ಜನ ಕೂರುವ ಮೆಟ್ಟಿಲು, ಕೆಳಗೆ ಇವರ ಸೂರು. ಹಾಗಾಗಿ ಸೂರೂ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಮೂಲೆಯಲ್ಲಿ ಒಲೆ ಇರುವ ಕಡೆ ಬಗ್ಗಿಯೇ ನಿಲ್ಲಬೇಕು. ಹೆಂಡತಿ ತಂಡದ ಅಂಗಿ, ಚಡ್ಡಿ, ಕಾಲುಚೀಲ ಒಗೆಯುವವಳು. "ಲೋಕದಲ್ಲಿ ಹೆಂಗಸರು ಮನೆಗೆ ನಾಲ್ಕು ಮಕ್ಕಳ ಬಟ್ಟೆ ಒಗೀತಾರೆ. ನನಗೆ ದೇವರು ಹದಿನೆಂಟು ಕೊಟ್ಟ, ಒಬ್ಬನಿಗೂ ಗೋಲು ಹೊಡೆಯಕ್ಕೆ ಬರಲ್ಲ" ಎನ್ನುತ್ತಿದ್ದಳು.

ಅವನ ಇಪ್ಪತ್ತೇಳನೆಯ ವರ್ಷದ ಆರಂಭದಲ್ಲೇ ಕ್ಲಬ್ಬಿನ ಮೇಲಿನವರಿಂದ ಒಂದು ಕಾಗದ ಬಂತು. ಈ ಸಲ ಪಟ್ಟಿಯಲ್ಲಿ ಕೊನೆಯ ಸ್ಥಾನಕ್ಕೆ ಇಳಿದರೆ ಎರಡನೇ ತಂಡವನ್ನೇ ಮುಚ್ಚುತ್ತೇವೆ, ಹಳೇ ಮೈದಾನವನ್ನೂ ಬಿಟ್ಟುಕೊಡುತ್ತೇವೆ. ಎರಡೇ ಸಾಲು. ಕೋಚ್ ಅದನ್ನು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಅಂಟಿಸಿದ. ಓದಿದರೆ ಹುಡುಗರಿಗೆ ಕೆಚ್ಚು ಬರುತ್ತದೆ ಎಂದು ಅವನ ಎಣಿಕೆ. ಬಂದದ್ದು ಕಾಲು ನಡುಕ. ಇಪ್ಪತ್ತೊಂದು ಪಂದ್ಯದಲ್ಲಿ ಗೆದ್ದದ್ದು ನಾಲ್ಕು, ಸಮ ಆದದ್ದು ಆರು, ಉಳಿದ ಹನ್ನೊಂದು ಹೊಗೆ. ಕೊನೆಯ ಪಂದ್ಯಕ್ಕೆ ಬರುವಾಗ ಲೆಕ್ಕ ನೆಟ್ಟಗಿತ್ತು. ಸಮ ಮಾಡಿಕೊಂಡರೆ ಬದುಕು, ಸೋತರೆ ಬಾಗಿಲು.

ಹೆಬ್ಬೆಟ್ಟಿಗೆ ಆಗ ಐವತ್ತೆಂಟು. ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು? ಹೆಂಡತಿ ಕೇಳುತ್ತಿರಲಿಲ್ಲ, ಆದರೆ ರಾತ್ರಿ ಊಟಕ್ಕೆ ಕೂತಾಗ ಮೆಟ್ಟಿಲು ಮೆಟ್ಟಿಲಾದ ಆ ಸೂರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುತ್ತಿದ್ದಳು. ಅವನು ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತಿದ್ದ.

ಕೊನೆಯ ಪಂದ್ಯದ ಹಿಂದಿನ ದಿನ ದೇವರೇ ಕಣ್ಣು ಬಿಟ್ಟ ಹಾಗೆ ಚಿನ್ನದಕಾಲು ಕೆಳಗಿಳಿದು ಬಂದ. ಮೊದಲ ತಂಡದಲ್ಲಿ ಮುಂದೆ ನಿಂತು ಗೋಲು ಹೊಡೆಯುವವನು, ಇಡೀ ಊರು ಹೊತ್ತು ಮೆರೆಸುವ ಆಟಗಾರ. ಐದು ತಿಂಗಳ ಹಿಂದೆ ಎಡ ಮಂಡಿಯನ್ನು ಕೊಯ್ದು ಹೊಲಿದಿದ್ದರು. ಈಗ ಅದು ಪಂದ್ಯ ತಡೆಯುತ್ತದೋ ಇಲ್ಲವೋ ನೋಡಬೇಕಿತ್ತು. ಅದನ್ನು ನೋಡುವುದು ಎರಡನೇ ತಂಡದಲ್ಲೇ. ಜೊತೆಗೆ ಡಾಕ್ಟರ ಚೀಟಿ: ನಲವತ್ತೈದು ನಿಮಿಷ ಮಾತ್ರ.

ಇಲ್ಲೊಂದು ಸಂಗತಿ ನೀನು ತಿಳಿಯಬೇಕು. ಈ ಚೀಟಿ ಕೋಚಿನ ಕೈಗೆ ಹೋಗುತ್ತಿರಲಿಲ್ಲ, ಕಾಲು ತಿಕ್ಕುವವನ ಕೈಗೆ ಹೋಗುತ್ತಿತ್ತು. ಕೋಚಿಗೆ ಗೆಲುವಿನ ಆಸೆ, ಆಟಗಾರನಿಗೆ ಆಟದ ಆಸೆ, ಹೆಬ್ಬೆಟ್ಟಿಗೆ ಮಾತ್ರ ಕಾಲಿನ ಚಿಂತೆ. ಅವನು ಬೆಂಚಿನ ತುದಿಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿರುತ್ತಿದ್ದ. ಹೊತ್ತು ಮುಗಿದೊಡನೆ ಎದ್ದು ನಿಂತರೆ ಆಯಿತು, ಆಟಗಾರ ಹೊರಗೆ. ಮೂರು ಗೋಲು ಮುಂದಿರಲಿ, ಹಿಂದಿರಲಿ, ಅವನು ಎದ್ದ ಮೇಲೆ ಮಾತಿಲ್ಲ.

ಆದರೆ ಅವನು ನಿಮಿಷ ಎಣಿಸುವ ರೀತಿಯೇ ಬೇರೆ. ಆ ಮೈದಾನದಲ್ಲಿ ಇದ್ದದ್ದು ಎರಡೇ ಚೆಂಡು. ಒಂದು ಗೋಡೆ ಹಾರಿ ಸಾಮಿಲ್ಲಿಗೆ ಬಿದ್ದರೆ ಅಲ್ಲಿನ ಕಾವಲುಗಾರ ಬೀಡಿ ಮುಗಿಸಿ, ಅದನ್ನು ಹುಡುಕಿ, ಮನಸ್ಸು ಬಂದಾಗ ಎಸೆಯುತ್ತಿದ್ದ. ಎರಡೂ ಹಾರಿದರೆ ಆಟವೇ ನಿಂತುಹೋಗುತ್ತಿತ್ತು. ಒಮ್ಮೆ ಹಾಗೆ ನಿಂತಾಗ ನಮ್ಮ ಬಲಗಡೆಯವನು ಕ್ಷೌರ ಮಾಡಿಸಿಕೊಂಡು ಬಂದಿದ್ದ. ಹಾಗೆ ಚೆಂಡು ಹೊರಗಿದ್ದಾಗಲೆಲ್ಲ ಹೆಬ್ಬೆಟ್ಟು ಸ್ಟಾಪ್‌ವಾಚ್ ಒತ್ತಿ ನಿಲ್ಲಿಸುತ್ತಿದ್ದ. ನಿಂತ ಕಾಲು ನಿಂತ ಕಾಲೇ, ಅದಕ್ಕೆ ಯಾಕೆ ನಿಮಿಷ ಹಾಕಬೇಕು ಎಂಬುದು ಅವನ ವಾದ. "ಅದು ಗೋಡೆಯ ನಿಮಿಷ, ನಂದು ಕಾಲಿನ ನಿಮಿಷ" ಎನ್ನುತ್ತಿದ್ದ. ಹಳೆಯ ಡಾಕ್ಟರಿಗೆ ಇದು ಗೊತ್ತಿತ್ತು, ಒಪ್ಪಿದ್ದರು. ಹೊಸ ಡಾಕ್ಟರು ಬಂದು ಎರಡು ತಿಂಗಳಾಗಿತ್ತು. ಅವರಿಗೆ ಯಾರೂ ಹೇಳಿರಲಿಲ್ಲ.

ಅದಕ್ಕೊಂದು ಕಟ್ಟಳೆಯೂ ಇತ್ತು. ಅರ್ಧ ಆಟ ಮುಗಿದು ಎಲ್ಲರೂ ಒಳಗೆ ಬಂದರೆ ಆ ಲೆಕ್ಕ ಅಲ್ಲಿಗೆ ತೀರಿತು. ಎಷ್ಟು ಕಾಲಿನ ನಿಮಿಷ ಉಳಿದಿದ್ದರೂ ಮುಂದಿನ ಅರ್ಧಕ್ಕೆ ಒಯ್ಯುವಂತಿಲ್ಲ. ಹದಿನೈದು ನಿಮಿಷ ಕೂತು ಎದ್ದ ಮಂಡಿ ಬೇರೆಯದೇ ಮಂಡಿ, ತಣ್ಣಗಾಗಿ ಬಿಗಿದಿರುತ್ತದೆ. ಇದನ್ನು ಅವನೇ ಮಾಡಿದ್ದು, ಇಪ್ಪತ್ತೇಳು ವರ್ಷ ಅವನೇ ಪಾಲಿಸಿದ್ದು.

ಮಂಗಳವಾರ ಬಂತು. ಚಿನ್ನದಕಾಲು ಆಡುತ್ತಾನೆಂಬ ಸುದ್ದಿಗೆ ನೂರೈವತ್ತು ಜನ ಸೇರಿದ್ದರು. ಅಷ್ಟು ಜನರನ್ನು ಕಂಡು ನಮ್ಮ ಗೋಲಿಗೆ ಬೇರೆ ಮೈದಾನಕ್ಕೆ ಬಂದೆನೇನೋ ಅನ್ನಿಸಿತಂತೆ. ಚಿನ್ನದಕಾಲು ಹನ್ನೊಂದನೇ ನಿಮಿಷಕ್ಕೆ ಒಂದು ಹೊಡೆದ, ನಲವತ್ತಕ್ಕೆ ಇನ್ನೊಂದು. ಎದುರಿನವರು ಅವನೊಬ್ಬನಿಗೇ ಮೂರು ಜನರನ್ನು ಕಾವಲಿಟ್ಟರು. ಅರ್ಧ ಆಟ ಮುಗಿದಾಗ ಎರಡು–ಸೊನ್ನೆ.

ಒಳಗೆ ಬಂದರೆ ಯಾರ ಮುಖದಲ್ಲೂ ನಗುವಿಲ್ಲ. ಯಾಕೆಂದರೆ ಎಲ್ಲರಿಗೂ ಗೊತ್ತು: ಇವನು ಹೊರಗೆ ಹೋದ ಕೂಡಲೇ ಆ ಮೂರು ಕಾವಲುಗಾರರು ಮುಂದಕ್ಕೆ ನುಗ್ಗುತ್ತಾರೆ. ಕೋಚ್ ಹೆಬ್ಬೆಟ್ಟನ್ನು ಒಗೆಯುವ ಕಲ್ಲಿನ ಹತ್ತಿರ ಎಳೆದುಕೊಂಡು ಹೋದ.

"ವಾಚಲ್ಲಿ ಎಷ್ಟಾಗಿದೆ?"

"ಚೀಟಿ ನಲವತ್ತೈದು. ಮುಗೀತು."

"ಚೀಟಿ ಕೇಳಲಿಲ್ಲಯ್ಯ. ವಾಚು ಕೇಳಿದೆ."

ಹೆಬ್ಬೆಟ್ಟು ನೋಡಿದ. ಚೆಂಡು ಆರು ಸಲ ಸಾಮಿಲ್ಲಿಗೆ ಹಾರಿತ್ತು. "ಇಪ್ಪತ್ತೊಂಬತ್ತು."

"ಹಾಗಾದರೆ ಹದಿನಾರು ಉಳಿದಿದೆ!"

"ಕೂತು ಎದ್ದ ಮಂಡಿಗೆ ಆ ಲೆಕ್ಕ ಇಲ್ಲ ಕೋಚ್. ನಿಮಗೂ ಗೊತ್ತು."

"ನನಗೆ ಗೊತ್ತಿರೋದು ಒಂದೇ. ಆ ಬಾಗಿಲ ಮೇಲಿರೋ ಕಾಗದ." ಕೋಚ್ ಇವನ ಕೈ ಹಿಡಿದುಕೊಂಡ. ಅವನೂ ಆ ಮೈದಾನದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. "ಕಾಲಿಗೆ ಬೀಳಲಾ? ಹೇಳು, ಬೀಳ್ತೀನಿ. ಹದಿನಾರು ನಿಮಿಷ ಕೊಡು ಮಾರಾಯ. ಅಷ್ಟರಲ್ಲಿ ಇನ್ನೊಂದು ಹೊಡೆದರೆ ಗೆದ್ದ ಹಾಗೇ. ಹದಿನೆಂಟು ಜನರ ಅನ್ನ ಅದು. ನಿನ್ನದೂ ಸೇರಿ."

ಹೆಬ್ಬೆಟ್ಟು ಕಾಲು ತಿಕ್ಕುವ ಮೇಜಿನ ಹತ್ತಿರ ಬಂದ. ಚಿನ್ನದಕಾಲು ಆಗಲೇ ಮಲಗಿ ಮಂಡಿ ಚಾಚಿದ್ದ.

"ಕೊಡು ಮಾವ. ನಾನೂ ಇದೇ ಮೇಜಿನ ಮೇಲೆ ಬೆಳೆದೋನು. ನೋವಿಲ್ಲ, ಆಣೆಗೂ."

"ಆಣೆ ಇಡೋ ಬಾಯಿ ನಿಂದು, ಮಂಡಿ ಅಲ್ಲ. ಸುಮ್ಮನಿರು."

ಬೆರಳಿಟ್ಟ. ಮಂಡಿ ಬೆಚ್ಚಗಿತ್ತು, ಸ್ವಲ್ಪ ಬಿಗಿ, ಅಷ್ಟೇ. ಬರೀ ಬಿಗಿ ತಾನೇ ಎಂದು ಅವನ ಒಳಗೆ ಒಬ್ಬ ಹೇಳಿದ. ಇಪ್ಪತ್ತೇಳು ವರ್ಷದಲ್ಲಿ ಆ ಒಳಗಿನವನು ಬಾಯಿ ಬಿಟ್ಟದ್ದು ಅದೇ ಮೊದಲು. ತಲೆ ಎತ್ತಿದರೆ ಬಾಗಿಲಲ್ಲಿ ಹೆಂಡತಿ, ಕೈಯಲ್ಲಿ ಒಣ ಕಾಲುಚೀಲಗಳ ಬುಟ್ಟಿ. ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವನು ಜಗಳ ತೆಗೆದು ಬಚಾವಾಗುತ್ತಿದ್ದ.

"ಹದಿನಾರು," ಎಂದ. "ಅದರ ಮೇಲೆ ಒಂದು ಉಸಿರೂ ಇಲ್ಲ."

ಹುಡುಗರು ಕೇಕೆ ಹಾಕಿದರು. ಅವನು ವಾಚು ಹಿಡಿದು ಬೆಂಚಿನ ತುದಿಗೆ ಹೋದ.

ಎರಡನೇ ಅರ್ಧ ಶುರುವಾಗಿ ಐದನೇ ನಿಮಿಷಕ್ಕೆ ಎದುರಿನವರು ಒಂದು ಹೊಡೆದರು. ಎರಡು–ಒಂದು. ಚಿನ್ನದಕಾಲು ಅತ್ತಿಂದಿತ್ತ ಎಳೆದಾಡಿ ಆ ಮೂವರನ್ನೂ ಹಿಂದೆಯೇ ಕಟ್ಟಿಹಾಕಿದ್ದ. ಹೆಬ್ಬೆಟ್ಟಿಗೆ ಚೆಂಡು ಕಾಣುತ್ತಿರಲಿಲ್ಲ, ಎಡ ಮಂಡಿಯೊಂದೇ. ವಾಚಿನಲ್ಲಿ ಮೂವತ್ತೈದು ಆಯಿತು. ಮೂವತ್ತೇಳು ಆಯಿತು. ಬೇಗ ಓಡು ಎಂದು ವಾಚಿಗೆ ಹೇಳುತ್ತಿದ್ದನೋ, ನಿಂತುಬಿಡು ಎನ್ನುತ್ತಿದ್ದನೋ ಅವನಿಗೇ ತಿಳಿಯದು. ಮೂವತ್ತೊಂಬತ್ತಕ್ಕೆ ಚಿನ್ನದಕಾಲು ಒಂದು ಎತ್ತರದ ಚೆಂಡಿಗೆ ತಲೆ ಕೊಡಲು ಹಾರಿದ, ಎಡಗಾಲಿನ ಮೇಲೆ ಇಳಿದ. ಇಳಿದವನು ಮುಂದಿನ ಹೆಜ್ಜೆಯನ್ನು ಒಂದು ಕೂದಲೆಳೆಯಷ್ಟು ತಡವಾಗಿ ಇಟ್ಟ.

ಅಷ್ಟೇ. ಮೈದಾನದಲ್ಲಿ ಯಾರಿಗೂ ಕಾಣಲಿಲ್ಲ. ಚಿನ್ನದಕಾಲು ಬೆಂಚಿನ ಕಡೆ ನೋಡಿ, ಏನಿಲ್ಲ ಏನಿಲ್ಲ ಎಂದು ಕೈಯಾಡಿಸಿದ. ಏನಿಲ್ಲದವನು ಕೈಯಾಡಿಸುವುದಿಲ್ಲ.

ವಾಚಿನಲ್ಲಿ ಇನ್ನೂ ಆರು ನಿಮಿಷ ಇತ್ತು. ಅತ್ತ ಹದಿನೆಂಟು ಜನರ ಅನ್ನ, ಇತ್ತ ಒಂದು ಮಂಡಿ. ಎದ್ದರೆ ಮನೆ ಹೋಯಿತು. ಎದ್ದೇ ನಿಂತ.

"ಕೂತ್ಕೋ!" ಕೋಚ್ ಅವನ ಅಂಗಿ ಹಿಡಿದು ಎಳೆದ. "ಆರು ನಿಮಿಷ ಇದೆ! ನೀನೇ ಕೊಟ್ಟ ಮಾತು!"

"ಕೊಟ್ಟಿದ್ದೇ ತಪ್ಪು."

"ಮನೆ ಬೇಡವೇನೋ ನಿನಗೆ?"

ಹೆಬ್ಬೆಟ್ಟು ಕೊಸರಿಕೊಂಡ. ಅಂಗಿಯ ಮೇಲಿನ ಗುಂಡಿ ಕಿತ್ತು ಕೋಚಿನ ಕೈಗೆ ಬಂತು. ರೆಫ್ರಿ ನೋಡಿದ, ಆಟ ನಿಲ್ಲಿಸಿದ, ಚಿನ್ನದಕಾಲು ಹೊರಬಂದ. ಆ ನೂರೈವತ್ತು ಜನರಲ್ಲಿ ನೂರು ಜನ ಅಲ್ಲೇ ಎದ್ದು ಮನೆಗೆ ಹೋದರು.

ಆಮೇಲೆ ಆದದ್ದು ಎಲ್ಲರೂ ಹೆದರಿದ್ದೇ. ಮೂವರು ಕಾವಲುಗಾರರು ಬಿಡುಗಡೆಯಾಗಿ ಮುಂದಕ್ಕೆ ಬಂದರು. ಎಪ್ಪತ್ತೊಂದನೇ ನಿಮಿಷಕ್ಕೆ ಎರಡು–ಎರಡು. ಅದೇ ಸಾಕಿತ್ತು ನಮಗೆ! ಹನ್ನೊಂದೂ ಜನ ಗೋಲಿನ ಬಾಯಲ್ಲಿ ಗೋಡೆ ಕಟ್ಟಿದ ಹಾಗೆ ನಿಂತರು. ಚೆಂಡು ಸಿಕ್ಕಿದವನು ಸಾಮಿಲ್ಲಿಗೆ ಒದೆಯುತ್ತಿದ್ದ. ಆ ದಿನ ಸಾಮಿಲ್ಲಿನ ಕಾವಲುಗಾರನಿಗೆ ಏನು ಬಂತೋ, ಬೀಡಿಯನ್ನೂ ಬಿಟ್ಟು, ಒದ್ದ ಚೆಂಡನ್ನು ಮರುಕ್ಷಣಕ್ಕೆ ವಾಪಸು ಎಸೆಯತೊಡಗಿದ. ನಮ್ಮವರಿಗೆ ಸಹಾಯ ಮಾಡುತ್ತಿದ್ದೇನೆಂದು ಪಾಪ ಅವನ ಭ್ರಮೆ. ಎಂಬತ್ತೆಂಟನೇ ನಿಮಿಷಕ್ಕೆ ದೂರದಿಂದ ಒಬ್ಬ ಕಣ್ಣು ಮುಚ್ಚಿ ಹೊಡೆದ. ಎಡಗಡೆ ಆಡುತ್ತಿದ್ದ ನಮ್ಮ ನಾಯಕನ ಮೊಣಕಾಲಿಗೆ ತಾಗಿ ದಿಕ್ಕು ತಪ್ಪಿ ಒಳಗೆ ಹೋಯಿತು. ಎರಡು–ಮೂರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಾಯಕ ಗೋಲಿನೊಳಗೆ ಹೋಗಿ ಬಲೆ ಹಿಡಿದುಕೊಂಡು ನಿಂತವನು, ರೆಫ್ರಿ ಕೊನೆಯ ಸೀಟಿ ಊದಿದರೂ ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಅರ್ಧ ಗಂಟೆಗೆ ಹೊಸ ಡಾಕ್ಟರು ಬಂದರು. ಚಿನ್ನದಕಾಲು ಮೇಜಿನ ಮೇಲೆ, ಮಂಡಿಯ ಸುತ್ತ ಮಂಜುಗಡ್ಡೆ ತುಂಬಿದ ಟವೆಲ್ಲು. ಬಿಚ್ಚಿ ನೋಡಿದರು. ಕಿತ್ತಳೆ ಹಣ್ಣಿನಷ್ಟು ಊದಿತ್ತು.

"ಎಷ್ಟು ಹೊತ್ತು ಆಡಿಸಿದ್ರಿ?"

"ಐವತ್ತೊಂಬತ್ತು," ಎಂದ ಹೆಬ್ಬೆಟ್ಟು. ಗೋಡೆಯ ನಿಮಿಷವನ್ನೇ ಹೇಳಿದ.

"ಹದಿನಾಲ್ಕು ಹೆಚ್ಚು! ನನ್ನ ಚೀಟಿ ಏನು, ಉಪ್ಪಿನಪೊಟ್ಟಣ ಕಟ್ಟೋದಕ್ಕೆ ಕೊಟ್ಟಿದ್ನಾ?"

"ಹೆಚ್ಚಲ್ಲ, ಕಡಿಮೆ!" ಬಾಗಿಲಿಂದ ಕೋಚ್ ಕೂಗಿದ. "ಆರು ನಿಮಿಷ ಮೊದಲೇ ಎಬ್ಬಿಸಿದ! ಆ ಆರು ನಿಮಿಷದಲ್ಲಿ ಸತ್ತಿದೀವಿ ನಾವು!"

"ಹದಿನಾಲ್ಕು!"

"ಆರು!"

ಸಂತೆಯಲ್ಲಿ ಒಂದೇ ಕುಂಬಳಕಾಯಿಗೆ ಇಬ್ಬರು ಕಿತ್ತಾಡಿದ ಹಾಗೆ, ನಡುವೆ ಇವನು. ಚಿನ್ನದಕಾಲಿಗೆ ನೋವಿನಲ್ಲೂ ನಗು ಬಂತು, ನಕ್ಕ ಮೇಲೆ ನಾಚಿಕೆಯಾಗಿ ಗೋಡೆಯ ಕಡೆ ತಿರುಗಿದ. ಹೆಬ್ಬೆಟ್ಟು ಟವೆಲ್ಲನ್ನು ಮತ್ತೆ ಸುತ್ತಿದ.

"ಇಬ್ಬರೂ ಸರಿ ಸಾರ್. ನಿಮ್ಮ ಲೆಕ್ಕಾನೂ ಸರಿ, ಅವರದ್ದೂ ಸರಿ. ಕೂತು ಎದ್ದ ಮಂಡಿಗೆ ಹಳೇ ನಿಮಿಷ ಕೊಟ್ಟೆ ನೋಡಿ, ಅದು ನನ್ನ ತಪ್ಪು. ಇಪ್ಪತ್ತೇಳು ವರ್ಷ ಕೊಟ್ಟಿರಲಿಲ್ಲ. ನಡುವೆ ಒಳಗೆ ಬರದೇ ಇದ್ದಿದ್ರೆ ಹದಿನಾರೂ ತಡೀತಿತ್ತು. ಒಳಗೆ ಬಂದ್ಮೇಲೆ ಒಂದೂ ಕೊಡಬಾರದಿತ್ತು."

ಡಾಕ್ಟರಿಗೆ ಅರ್ಥವಾಗಲಿಲ್ಲ. ಕೋಚಿಗೆ ಅರ್ಥವಾಯಿತು, ಆದರೆ ಅರ್ಥವಾಗಿ ಏನು ಪ್ರಯೋಜನ? ಅವನು ಅಲ್ಲೇ ಬಾಗಿಲಿಗೆ ಒರಗಿ ಜಾರಿ ಕೂತ. ಕೈಯಲ್ಲಿ ಆ ಅಂಗಿಗುಂಡಿ ಹಾಗೆಯೇ ಇತ್ತು.

ಮೂರು ದಿನಕ್ಕೆ ಇನ್ನೊಂದು ಕಾಗದ. ತಂಡ ಮುಚ್ಚಿದೆ, ತಿಂಗಳೊಳಗೆ ಕೋಣೆ ಬಿಡಬೇಕು. ಹೆಬ್ಬೆಟ್ಟಿಗೆ ಪ್ರತ್ಯೇಕವಾಗಿ ಒಂದು ಸಾಲು ಜಾಸ್ತಿ: ವೈದ್ಯರ ಆದೇಶ ಮೀರಿದ್ದರಿಂದ ಕ್ಲಬ್ಬಿನ ಬೇರೆ ಯಾವ ಕೆಲಸಕ್ಕೂ ಪರಿಗಣಿಸುವುದಿಲ್ಲ. ಓದಿ ಮಡಚಿ ಜೇಬಿಗಿಟ್ಟು ಹಿತ್ತಲಿಗೆ ಹೋದರೆ ಹೆಂಡತಿ ಅಂಗಿಗಳನ್ನು ನೆನೆಹಾಕಿ ಉಜ್ಜುತ್ತಿದ್ದಳು.

"ಯಾರಿಗೆ ಒಗೀತಿದ್ದೀಯೇ? ತಂಡಾನೇ ಇಲ್ಲ."

"ಕೊಳೆ ಬಟ್ಟೆ ವಾಪಸ್ ಕೊಟ್ಟು ಹೋಗೋ ಜಾಯಮಾನ ನಂದಲ್ಲ. ಆ ಹಗ್ಗ ಬಿಗಿ."

ಬಿಗಿದ. ಅವಳು ಹಿಂಡಿದ ಒಂದೊಂದು ಅಂಗಿಯನ್ನೂ ಹರವಿದ. ಹತ್ತನೆಯದನ್ನು ಹರವುವಾಗ ಅವಳು ಬೆನ್ನು ತಿರುಗಿಸಿಯೇ ಕೇಳಿದಳು. "ಆ ದಿನ ನಾನು ಬಾಗಿಲಲ್ಲಿ ನಿಲ್ಲದೇ ಇದ್ದಿದ್ರೆ, ಕೊಡ್ತಿರಲಿಲ್ಲ ಅಲ್ವಾ ಆ ಹದಿನಾರು?"

"ಹುಚ್ಚು. ನೀನು ಅಲ್ಲಿ ಇದ್ದಿದ್ದೇ ನಾನು ನೋಡಿಲ್ಲ."

ಇಷ್ಟು ದೊಡ್ಡ ಸುಳ್ಳನ್ನು ನಾನೂ ಈ ಜನ್ಮದಲ್ಲಿ ಹೇಳಿಲ್ಲ.

ಆಮೇಲೆ ಕೆಲಸ ಹುಡುಕಿ ಹೊರಟ. ಆ ಊರಲ್ಲಿ ಇನ್ನೂ ಮೂರು ಕ್ಲಬ್ಬಿದ್ದವು. ಮೊದಲನೆಯ ಗೇಟಿನಲ್ಲಿ, "ಮಂಡಿ ಹಾಳು ಮಾಡಿದೋನು ನೀನೇ ಅಲ್ವಾ?" ಎಂದರು. ಎರಡನೆಯ ಗೇಟಿನಲ್ಲಿ, "ಗೆಲ್ಲೋ ಆಟದಲ್ಲಿ ಆಟಗಾರನ್ನ ಹೊರಗೆ ಕರೆದೋನು ನೀನೇ ಅಲ್ವಾ?" ಎಂದರು. ಇಪ್ಪತ್ತೇಳು ವರ್ಷ ಪತ್ರಿಕೆಯಲ್ಲಿ ಒಂದು ಸಾಲು ಬಾರದ ತಂಡದ ಸುದ್ದಿ ಇವರಿಗೆಲ್ಲ ಹೇಗೆ ತಲುಪಿತು ಎಂದು ಅವನಿಗೆ ಆಶ್ಚರ್ಯ. ಚಿನ್ನದಕಾಲು ಕೋಲೂರಿಕೊಂಡು ಬಂದು, "ಮೇಲೆ ಮಾತಾಡಿದ್ದೀನಿ ಮಾವ, ನೋಡೋಣ ಅಂದಿದ್ದಾರೆ" ಎಂದ. ಆ ನೋಡೋಣ ಯಾವ ನೋಡೋಣ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಹೆಬ್ಬೆಟ್ಟು ಅವನನ್ನು ಕೂರಿಸಿ, ಪ್ಯಾಂಟು ಮಡಚಿಸಿ, ಮಂಡಿ ತಿಕ್ಕಿ ಕಳಿಸಿದ.

ಕೋಣೆ ಬಿಡಲು ಇನ್ನು ನಾಲ್ಕೇ ದಿನ ಉಳಿದಿತ್ತು. ಬೆಳಿಗ್ಗೆ ಎಂಟಕ್ಕೇ ಮೂರನೆಯ ಗೇಟಿಗೆ ಹೋದ. ಸಾಹೇಬರು ಬರುತ್ತಾರೆ, ಕೂತಿರು ಎಂದರು. ಕೂತ. ಮಧ್ಯಾಹ್ನವಾಯಿತು. ಆಟಗಾರರು ಬಂದರು, ಹೋದರು. ಅವರ ಕಾಲುಗಳನ್ನು ನೋಡುತ್ತಾ ಕೂತ. ನಾಲ್ಕಾಯಿತು. ಕೂತಲ್ಲೇ ತನ್ನ ಮಂಡಿ ಬಿಗಿದು ಏಳಲು ಆಗದಂತಾಯಿತು. ಗೇಟಿನವನು ಬೀಗದಕೈ ಹಿಡಿದು ಬಂದು ನಿಂತ.

ಎದ್ದು ಮನೆಗೆ ಹೋಗಬೇಕು, ಹೋಗಿ ಅವಳಿಗೆ ಏನು ಹೇಳುವುದು? ಅದನ್ನು ಯೋಚಿಸುತ್ತಾ ಅವನು ಆ ಬೀದಿಯನ್ನು ಈ ತುದಿಯಿಂದ ಆ ತುದಿಗೆ ಮೂರು ಸಲ...

"ಮಾವಾ! ಆಗ್ಲಿಂದ ಕೂಗ್ತಾ ಇದ್ದೀನಿ. ತಟ್ಟೆ ಹಾಕಾಯ್ತು, ಎಲ್ಲಾ ಆರಿ ಹೋಗ್ತಿದೆ!"

ಬಂದೆ ತಾಯಿ, ಬಂದೆ. ನೋಡು, ಸೊಸೆ ಕರೆದ ಮೇಲೆ ಎರಡನೇ ಸಲ ಕರೆಸಿಕೊಂಡರೆ ನನ್ನ ಗತಿ ಆ ತಂಡದ್ದೇ. ಉಳಿದದ್ದು ಊಟವಾದ ಮೇಲೆ. ಏಳು, ನೀನೂ ಕೈ ತೊಳೆದುಕೋ.